ಉರಿ ಇರಲಿಲ್ಲ ಅಂದೆ

ಹೋದ ತಿಂಗಳು ನಮ್ಮ ಪಕ್ಕದ ಬೀದಿಯ ಸೊಸೆಯೊಬ್ಬಳು ಸೀಮೆಎಣ್ಣೆ ಒಲೆ ಸಿಡಿದು ತೋಳು ಸುಟ್ಟುಕೊಂಡಳು. ನೋಡಲು ಹೋಗಿದ್ದೆ. ಅವಳು ನನ್ನ ಬಲಗೈಯನ್ನೇ ನೋಡುತ್ತಾ, ನೀವು ಹೇಗೆ ತಡೆದುಕೊಂಡಿರಿ ಮಾವ ಎಂದು ಕೇಳಿದಳು. ದೇವರ ಮೇಲೆ ಭಾರ ಹಾಕಿದೆ ಎಂದೆ. ಸುತ್ತ ಕೂತವರು ತಲೆದೂಗಿದರು. ಮನೆಗೆ ಬರುವಾಗ ನನಗೇ ನಾಚಿಕೆಯಾಯಿತು. ದೇವರ ಮೇಲೆ ನಾನು ಯಾವ ಭಾರವನ್ನೂ ಹಾಕಿರಲಿಲ್ಲ. ನಾನು ತಡೆದುಕೊಂಡದ್ದು ಒಬ್ಬನನ್ನು ದ್ವೇಷಿಸಿಕೊಂಡು. ನೋವಿನಲ್ಲಿ ಮಲಗಿದವರಿಗೆ ಬಂದವರೆಲ್ಲ ತಾಳ್ಮೆ ಹೇಳುತ್ತಾರೆ, ಕ್ಷಮೆ ಹೇಳುತ್ತಾರೆ. ಒಳಗೊಳಗೇ ಹಲ್ಲು ಕಡಿಯುತ್ತಾ ಮಲಗಿದವನು ತಾನೊಬ್ಬನೇ ಪಾಪಿ ಎಂದುಕೊಳ್ಳುತ್ತಾನೆ. ಅಂಥವರಿಗಾಗಿ ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ, ವಿಷಯ ಸೊಟ್ಟಗಿದ್ದರೆ ಹಾಗೇ ಇರಲಿ.

ನನ್ನ ಊರು ಮದ್ದೂರು ತಾಲ್ಲೂಕಿನದು. ನಿಡಘಟ್ಟದಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆಯಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ನಿಂಗೇಗೌಡರ ಆಲೆಮನೆಯಲ್ಲಿ ಪಾಕ ನೋಡುವವನಾಗಿದ್ದೆ. ಗಾಣ ತಿರುಗಿಸಲು ಎತ್ತು ಸಾಕು, ಒಲೆಗೆ ಸಿಪ್ಪೆ ತುಂಬಲು ಯಾರಾದರೂ ಸಾಕು, ಪಾಕ ನೋಡಲು ಮಾತ್ರ ಗೊತ್ತಿದ್ದವನೇ ಬೇಕು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲದ ಹದಕ್ಕೆ ಬಂತು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಹೆಬ್ಬೆರಳು ತೋರುಬೆರಳಿನ ನಡುವೆ ಉರುಟಿ ನೋಡಬೇಕು. ಬೇಗ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ನನ್ನ ಬೆರಳಿಗೆ ಅದು ಗೊತ್ತಿತ್ತು. ಮಳವಳ್ಳಿ ಸಂತೆಯಲ್ಲಿ ಬೆಲ್ಲ ಕೊಳ್ಳುವವರು ಚಿಕ್ಕಣ್ಣನ ಪಾಕವೇ ಎಂದು ಕೇಳಿ ತೆಗೆದುಕೊಳ್ಳುತ್ತಿದ್ದರು. ಜಂಬವೂ ನನಗೆ ಕಡಿಮೆ ಇರಲಿಲ್ಲ.

ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಮಾಗಿಯ ಬೆಳಗಿನಲ್ಲಿ ಮಂಜು ಕಬ್ಬಿನ ಗದ್ದೆಯ ಮೇಲೆ ಕೂತರೆ ಗಾಡಿ ಹೊಡೆಯುವವನಿಗೆ ತನ್ನ ಎತ್ತಿನ ಕೊಂಬೂ ಕಾಣುವುದಿಲ್ಲ. ಕಬ್ಬು ಹೇರಿದ ಗಾಡಿಗಳು ದಾರಿ ತಪ್ಪಿ ಕಾಲುವೆಗೆ ಬೀಳುತ್ತವೆ. ಅದಕ್ಕೆ ಆಲೆಮನೆಯವರದೊಂದು ಪದ್ಧತಿ ಇತ್ತು. ಎತ್ತಿನ ಗಂಟೆಯ ಸದ್ದು ಅಲ್ಲೊಮ್ಮೆ ಇಲ್ಲೊಮ್ಮೆ ಕೇಳಿ ಗಾಡಿ ಸುತ್ತುಹಾಕುತ್ತಿದೆ ಎಂದು ಗೊತ್ತಾದ ಕೂಡಲೇ ಮುಂದಿನ ಬಯಲಲ್ಲಿ ಒಣಸಿಪ್ಪೆ ಸುರಿದು ಉರಿ ಎಬ್ಬಿಸುತ್ತಿದ್ದೆವು. ಗಾಡಿಯವನು ಉರಿ ನೋಡಿಕೊಂಡು ಬರುತ್ತಿದ್ದ. ಯಾರ ಗಾಡಿ, ನೆಂಟನದೋ ಹಗೆಯದೋ ಎಂದು ಕೇಳುವಂತಿರಲಿಲ್ಲ. ದಾರಿ ತಪ್ಪಿದವನಿಗೆ ಉರಿ ಹಾಕದೆ ಕೂತ ಆಲೆಮನೆಗೆ ಮಾರನೆಯ ವರ್ಷ ಯಾರೂ ಕಬ್ಬು ತರುತ್ತಿರಲಿಲ್ಲ.

ಆವತ್ತು ಹೊತ್ತು ಹುಟ್ಟಿದ್ದರೂ ಬೆಳಕು ನೆಲಕ್ಕೆ ಇಳಿದಿರಲಿಲ್ಲ. ಮೇಲೆ ವಿಮಾನದ ಸದ್ದು ಕೇಳಿತು. ಬೆಂಗಳೂರಿನ ಕಡೆಯಿಂದ ರೈಲು ಹಳಿಯ ಜಾಡು ಹಿಡಿದು ಮೈಸೂರಿನತ್ತ ಹೋಗುವ ಸಣ್ಣ ವಿಮಾನಗಳನ್ನು ನಾವು ಬೇಕಾದಷ್ಟು ನೋಡಿದ್ದೆವು. ಯುದ್ಧಕ್ಕೆ ಹುಡುಗರು ಹಾರಲು ಕಲಿಯುತ್ತಿದ್ದಾರೆ ಎನ್ನುತ್ತಿದ್ದರು. ಇದು ಮಾತ್ರ ಮುಂದೆ ಹೋಗಲಿಲ್ಲ. ಮದ್ದೂರಿನ ಕಡೆ ಹೋಯಿತು, ತಿರುಗಿ ಬಂತು, ಶಿಂಷಾ ಹೊಳೆಯ ಕಡೆ ಹೋಯಿತು, ಮತ್ತೆ ಬಂತು. ಪ್ರತಿ ಸಲವೂ ಇನ್ನಷ್ಟು ಕೆಳಗೆ ಬಂದಂತಿತ್ತು. ದಾರಿ ತಪ್ಪಿದೆ ಎಂದು ಒಲೆಯ ಮುಂದೆ ಕೂತವನು ಹೇಳಿದ. ದಾರಿ ತಪ್ಪಿದವರಿಗೆ ಏನು ಮಾಡಬೇಕೆಂಬುದು ನಮಗೆ ಗೊತ್ತಿತ್ತು. ನಾನೇ ಎದ್ದುಹೋಗಿ ಬಯಲಲ್ಲಿ ಎರಡು ಹೊರೆ ಒಣಸಿಪ್ಪೆ ಸುರಿದು ಕೊಳ್ಳಿ ಇಟ್ಟೆ. ಉರಿ ಆಳೆತ್ತರ ಎದ್ದಿತು. ಗಾಡಿಯಾದರೆ ಉರಿಯ ಹತ್ತಿರ ಬಂದು ನಿಲ್ಲುತ್ತದೆ. ವಿಮಾನ ಬಂದರೆ ಹೇಗೆ ನಿಲ್ಲುತ್ತದೆ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಒಳಗೆ ಬಂದು ಕೊಪ್ಪರಿಗೆಯ ಮೇಲೆ ಬಾಗಿದ್ದೆ. ಹದ ಇನ್ನೇನು ಬರುವುದರಲ್ಲಿತ್ತು. ಸದ್ದು ತಲೆಯ ಮೇಲೇ ಬಂದು ಸೂರು ಮುರಿಯಿತು. ಗರಿ, ಬಿದಿರು, ತೊಲೆ ಎಲ್ಲ ಬೆನ್ನ ಮೇಲೆ ಬಿದ್ದವು. ಬೀಳುವಾಗ ಬಲಗೈ ಊರಿದ್ದು ಪಾಕದೊಳಕ್ಕೆ, ಮೊಣಕೈವರೆಗೂ. ಕುದಿನೀರು ಸುಟ್ಟು ಹರಿದುಹೋಗುತ್ತದೆ. ಪಾಕ ಹಾಗಲ್ಲ, ಅಂಟಿಕೊಂಡು ತಾನು ಆರುವವರೆಗೂ ಸುಡುತ್ತದೆ. ಯಾರೋ ನನ್ನನ್ನು ಎಳೆದು ಕೈಯನ್ನು ನೀರಿನ ತೊಟ್ಟಿಗೆ ಅದ್ದಿದರು. ಪಾಕ ನನ್ನ ತೊಗಲಿನ ಮೇಲೆಯೇ ಬೆಲ್ಲವಾಗಿ ಗಟ್ಟಿಯಾಯಿತು.

ವಿಮಾನ ಆಚೆಯ ಕಬ್ಬಿನ ಗದ್ದೆಯಲ್ಲಿ ಮೂತಿ ಊರಿ ನಿಂತಿತ್ತು. ಎಳೆಗಬ್ಬು ಅಡ್ಡ ಬಂದದ್ದರಿಂದ ಅದಕ್ಕೆ ಬೆಂಕಿ ಹತ್ತಲಿಲ್ಲ, ಹಾರಿಸುತ್ತಿದ್ದವನು ಸಾಯಲಿಲ್ಲ. ಗೌಡರ ಗಾಡಿಯಲ್ಲಿ ದೊಡ್ಡ ರಸ್ತೆಯವರೆಗೆ, ಅಲ್ಲಿಂದ ಒಂದು ಲಾರಿಯಲ್ಲಿ ಮಂಡ್ಯದ ಆಸ್ಪತ್ರೆಗೆ, ನಮ್ಮಿಬ್ಬರನ್ನೂ ಅಕ್ಕಪಕ್ಕದಲ್ಲೇ ಮಲಗಿಸಿಕೊಂಡು ಹೋದರು. ಆಗಲೇ ನಾನು ಅವನನ್ನು ಮೊದಲು ನೋಡಿದ್ದು. ಇಪ್ಪತ್ತು ದಾಟಿರಲಿಲ್ಲ. ಹಣೆ ಒಡೆದು, ಕಾಲು ಮುರಿದು, ಅಮ್ಮ ಅಮ್ಮ ಎಂದು ನರಳುತ್ತಿದ್ದ. ನಮ್ಮೂರಲ್ಲಿ ಈಗ ಈ ಕಥೆ ಹೇಳುವವರು ಚಿಕ್ಕಣ್ಣ ಬಿಳಿ ದೊರೆಯೊಬ್ಬನ ಮೇಲೆ ಸೇಡು ತೀರಿಸಿಕೊಂಡ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ ಎಂದು ನಾನೂ ತಿದ್ದಿರಲಿಲ್ಲ. ಅವನು ದೊರೆಯಲ್ಲ. ಮೈಸೂರಿನ ಒಬ್ಬ ವಿಧವೆಯ ಮಗ, ಹೆಸರು ಶ್ರೀಕಂಠ. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಆಸ್ಪತ್ರೆಯ ಬಗ್ಗೆ ಹೇಳಬೇಕಾದದ್ದು ಒಂದೇ. ಸುಟ್ಟದ್ದಕ್ಕಿಂತ ಪಟ್ಟಿ ಬಿಚ್ಚುವುದು ಹೆಚ್ಚು ನೋವು. ದಿನ ಬಿಟ್ಟು ದಿನ ಬೆಳಿಗ್ಗೆ ನಮ್ಮನ್ನು ಪಟ್ಟಿ ಕಟ್ಟುವ ಕೋಣೆಯ ಮುಂದಿನ ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಒಳಗೆ ಹೋದವನ ಕೂಗು ಹೊರಗೆ ಕೂತವನಿಗೆ ಕೇಳುತ್ತಿತ್ತು. ನನ್ನ ಸರದಿ ಬರುವಷ್ಟರಲ್ಲಿ ಮೂರು ನಾಲ್ಕು ಜನರ ನೋವನ್ನು ನಾನೂ ಪಟ್ಟಿರುತ್ತಿದ್ದೆ. ಅಲ್ಲಿದ್ದ ವಯಸ್ಸಾದ ನರ್ಸಮ್ಮ ಒಬ್ಬರು ಉಗುರುಬೆಚ್ಚನೆ ಉಪ್ಪುನೀರಿನಲ್ಲಿ ಕೈಯನ್ನು ನೆನೆಹಾಕಿ, ಪಟ್ಟಿ ತಾನಾಗಿ ಸಡಿಲವಾಗುವವರೆಗೂ ಕಾಯುತ್ತಿದ್ದರು. ಬೇರೆಯವರು ಎಳೆದು ಕೀಳುತ್ತಿದ್ದರು. ಅವರು ಕೆಲಸಕ್ಕೆ ಬರುವ ದಿನ ಯಾವುದೆಂದು ಲೆಕ್ಕ ಹಾಕಿಕೊಂಡೇ ನಾನು ವಾರ ಕಳೆಯುತ್ತಿದ್ದೆ. ಆಕೆಯ ಹೊಟ್ಟೆ ತಣ್ಣಗಿರಲಿ.

ಹೆಂಡತಿ ಸಾಕಮ್ಮ ಮೊದಲ ದಿನ ಬಂದವಳು ಅಳಲಿಲ್ಲ. ಕೈಯನ್ನು ನೋಡಿದಳು, ಮುದ್ದೆಯ ಗಂಟು ಬಿಚ್ಚಿದಳು, ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ನಾನು ಎಡಗೈ ಮುಂದೆ ಚಾಚಿದಾಗ ಅದನ್ನು ಹಿಡಿದು ಪಕ್ಕಕ್ಕೆ ಇಟ್ಟಳು. ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿ ಎಂಥ ಅವಮಾನ ಎಂದು ಹೇಳಬೇಕಾಗಿಲ್ಲ. ಮಳವಳ್ಳಿಯಿಂದ ನಮ್ಮಕ್ಕ ಜೇನುತುಪ್ಪ, ಲೋಳೆಸರ ಹೊತ್ತು ತಂದು, ಕಾಂಪೌಂಡರು ಬೇಡವೆಂದು ಗದರಿದ್ದಕ್ಕೆ ಜಗಳವಾಡಿ, ತಂದದ್ದನ್ನೆಲ್ಲ ಪಕ್ಕದ ಹಾಸಿಗೆಯವನಿಗೆ ಹಚ್ಚಿ ಹೋದಳು. ಅವನಿಗೆ ನನಗಿಂತ ಮೊದಲೇ ವಾಸಿಯಾಯಿತು. ಅಕ್ಕ ಸಾಯುವವರೆಗೂ ಅದನ್ನು ಆಡಿಕೊಂಡಳು.

ಶ್ರೀಕಂಠ ನಮ್ಮ ವಾರ್ಡಿನ ಕೊನೆಯ ಕೋಣೆಯಲ್ಲಿದ್ದ. ತಲೆಗೆ ಪೆಟ್ಟಾಗಿದ್ದರಿಂದ ಬೆಂಗಳೂರಿಗೆ ಸಾಗಿಸಲು ಕೆಲವು ದಿನ ಕಾಯಬೇಕಿತ್ತು. ಅವನ ಬಾಗಿಲಿಗೆ ಬಿಳಿ ಪರದೆ. ಅವನಿಗೆ ಬ್ರೆಡ್ಡು, ಮೋಸಂಬಿ. ಅವನ ತಾಯಿ ದಿನಾ ಬಂದು ಪಕ್ಕದಲ್ಲೇ ಕೂತಿರುತ್ತಿದ್ದರು. ನಾನು ನನ್ನ ಹಾಸಿಗೆಯಿಂದ ಆ ಪರದೆಯನ್ನೇ ನೋಡುತ್ತಿದ್ದೆ. ಇಷ್ಟು ಮಂಜಿನಲ್ಲಿ ಯಾಕೆ ಹೊರಟ? ಕಾಣದಿದ್ದ ಮೇಲೆ ಯಾಕೆ ವಾಪಸು ಹೋಗಲಿಲ್ಲ? ನನ್ನ ಬೆರಳು ಹೋದವು, ಅವನ ಬೆರಳು ಹತ್ತೂ ಇವೆ. ಪಟ್ಟಿ ಬಿಚ್ಚುವಾಗ ನಾನು ಅವನ ಕೈ ಕೊಪ್ಪರಿಗೆಯಲ್ಲಿ ಅದ್ದುವುದನ್ನೇ ನೆನೆಯುತ್ತಿದ್ದೆ. ನಿಧಾನವಾಗಿ, ಒಂದೊಂದೇ ಬೆರಳು. ಬೇರೆಯವರು ರಾಮ ರಾಮ ಎನ್ನುತ್ತಿದ್ದ ಜಾಗದಲ್ಲಿ ನಾನು ಇದನ್ನು ನೆನೆಯುತ್ತಿದ್ದೆ. ನೋವು ಕಡಿಮೆಯಾಗುತ್ತಿತ್ತು. ಸುಳ್ಳು ಹೇಳುತ್ತಿಲ್ಲ.

ಒಂದು ಮಧ್ಯಾಹ್ನ ನಿಂಗೇಗೌಡರು ಬಂದು ಹಾಸಿಗೆಯ ಅಂಚಿಗೆ ಕೂತರು. ವಿಚಾರಣೆಗೆ ವಿಮಾನದವರ ಕಡೆಯ ಬಿಳಿ ದೊರೆಯೊಬ್ಬ ಬರುತ್ತಾನೆ ಎಂಬ ಸುದ್ದಿ ಅವರಿಗೆ ಸಿಕ್ಕಿತ್ತು. ಯುದ್ಧದ ಸಮಯದಲ್ಲಿ ವಿಮಾನಕ್ಕೆ ಬೆಂಕಿ ತೋರಿಸಿದಿರಿ ಎಂದು ಆಲೆಮನೆಯವರನ್ನೆಲ್ಲ ಹಿಡಿದುಕೊಂಡು ಹೋಗುತ್ತಾರೆಂದು ಅವರು ಹೆದರಿದ್ದರು.

"ಚಿಕ್ಕಣ್ಣ, ಉರಿ ಆಕಿದ್ದು ಯಾರ್ಗೂ ಯೋಳ್ಬ್ಯಾಡ ಕಣ್ಲಾ. ನಾವೆಲ್ಲ ಇಲ್ಲ ಅಂತೀವಿ. ನೀನೂ ಇಲ್ಲ ಅಂದ್ಬುಡು" ಎಂದರು.

ಆಯಿತು ಎಂದೆ. ಅವರು ಹೆದರಿಕೆಗೆ ಇಲ್ಲ ಅನ್ನುವವರು. ನನ್ನ ವಿಷಯ ಬೇರೆಯಾಗಿತ್ತು. ಹಿಂದಿನ ದಿನವೇ ನರ್ಸಮ್ಮ ಉಪ್ಪುನೀರು ಹಾಕುತ್ತಾ ಮಾತಿಗೆ ಹೇಳಿದ್ದರು: ಆ ಹುಡುಗ ಎಚ್ಚರವಾದಾಗಿನಿಂದ ಒಂದೇ ಮಾತು ಹೇಳುತ್ತಾನೆ, ಮಂಜಿನೊಳಗೆ ಯಾರೋ ಉರಿ ತೋರಿಸಿದರು, ಇಳಿಯಲು ಜಾಗ ಇದೆ ಎಂದು ಕರೆಯುತ್ತಿದ್ದಾರೆ ಎಂದುಕೊಂಡು ಬಂದೆ ಎನ್ನುತ್ತಾನೆ. ಉರಿ ಇದ್ದದ್ದು ನಿಜವಾದರೆ ಅವನ ತಪ್ಪು ಅರ್ಧ ಕಳೆಯುತ್ತದಂತೆ. ಆ ಮಾತು ಕೇಳಿದ ಮೇಲೆ ನಾನು ದೊರೆಗಾಗಿ ಮದುವೆಯ ಗಂಡಿನ ಹಾಗೆ ಕಾದೆ.

ದೊರೆ ಬಂದ. ಜೊತೆಗೆ ಕನ್ನಡ ಹೇಳಲು ಅಮಲ್ದಾರರ ಕಚೇರಿಯ ಗುಮಾಸ್ತ ಒಬ್ಬ. ಮಂಜು ಎಷ್ಟಿತ್ತು, ಸದ್ದು ಎಷ್ಟು ಸಲ ಕೇಳಿತು ಎಂದೆಲ್ಲ ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಕೊನೆಗೆ ಹೊರಗಡೆ ಯಾರಾದರೂ ಉರಿ ಹಾಕಿದ್ದರಾ ಎಂದು ಗುಮಾಸ್ತ ಕೇಳಿದ. ಕೊನೆಯ ಕೋಣೆಯ ಪರದೆ ಅಂದು ಸರಿದಿತ್ತು. ಅವನ ತಾಯಿ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

"ಇಲ್ಲ ಬುದ್ಧಿ, ಉರಿ ಇರ್ನಿಲ್ಲ. ಒಲೆ ಒಳಗಿತ್ತು, ಸೂರಿನ ಕೆಳಗೆ. ಮ್ಯಾಲಿಂದ ಅದು ಕಾಣಾಕಿಲ್ಲ" ಎಂದೆ.

ನನಗೆ ರುಜು ಹಾಕಲು ಬರುತ್ತಿತ್ತು, ನಾಲ್ಕನೇ ತರಗತಿ ಓದಿದ್ದೆ. ಬಲಗೈ ಪಟ್ಟಿಯಲ್ಲಿದ್ದುದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವರು ಹೋದ ಮೇಲೆ ಹೊಟ್ಟೆ ತುಂಬ ಉಂಡೆ. ಸುಟ್ಟ ದಿನದಿಂದ ಅಷ್ಟು ಸುಖವಾಗಿ ನಿದ್ದೆ ಮಾಡಿರಲಿಲ್ಲ.

ಆಮೇಲೆ ನನ್ನನ್ನು ಮೈಸೂರಿಗೆ ಕಳಿಸಿದರು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಕೈ ಸೌಟಿನ ಹಾಗಾಗಿತ್ತು. ತೊಡೆಯ ತೊಗಲು ತೆಗೆದು ಬೆರಳು ಬಿಡಿಸಿದರು, ಎರಡು ಸಲ. ಹೆಬ್ಬೆರಳೂ ತೋರುಬೆರಳೂ ಬಿಟ್ಟುಕೊಂಡವು, ಉಳಿದ ಮೂರು ಹಾಗೇ ಉಳಿದವು. ಡಾಕ್ಟರು ಬಹಳ ಸಂತೋಷಪಟ್ಟು ಪೆನ್ಸಿಲು ಹಿಡಿಯಲು ಹೇಳಿದರು. ಹಿಡಿದೆ. ಊರಿಗೆ ಬಂದು ಹೊಸ ಸೂರಿನ ಕೆಳಗೆ ಕೊಪ್ಪರಿಗೆಯ ಮುಂದೆ ನಿಂತೆ. ತೊಟ್ಟು ಪಾಕವನ್ನು ನೀರಿಗೆ ಬಿಟ್ಟು ಎರಡು ಬೆರಳಿನ ನಡುವೆ ಉರುಟಿದೆ. ಬೆರಳು ಅಲ್ಲಾಡುತ್ತಿತ್ತು, ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಮೆತ್ತಗೋ ಗಟ್ಟಿಯೋ, ಬಿಸಿಯೋ ತಣ್ಣಗೋ ಗೊತ್ತಾಗಲಿಲ್ಲ. ಎಡಗೈಯಲ್ಲಿ ನೋಡಿದೆ, ಅದು ಆ ವಿದ್ಯೆ ಕಲಿತಿರಲಿಲ್ಲ. ಆ ಕೊಪ್ಪರಿಗೆ ಸೀದುಹೋಯಿತು. ಗೌಡರು ಸೀದದ್ದನ್ನು ದನಗಳ ಕಲಗಚ್ಚಿಗೆ ಸುರಿಸಿದರು. ಮರುದಿನ ಬೇರೆಯವನು ಪಾಕಕ್ಕೆ ಬಂದ. ನನ್ನನ್ನು ಗಾಡಿಗಳ ಹೊರೆ ಎಣಿಸಲು ಕೂರಿಸಿದರು.

ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ. ಪಂಕ್ತಿಯಲ್ಲಿ ಎಡಗೈ ಎಲೆಗೆ ಹೋದ ಕೂಡಲೇ ಪಕ್ಕದವನು ತನ್ನ ಎಲೆ ಸ್ವಲ್ಪ ಸರಿಸಿಕೊಳ್ಳುತ್ತಿದ್ದ. ಕೆಟ್ಟತನಕ್ಕಲ್ಲ, ಅಭ್ಯಾಸಕ್ಕೆ. ಪ್ರತಿ ಸಲವೂ ನಾನು ಶ್ರೀಕಂಠನನ್ನು ನೆನೆಯುತ್ತಿದ್ದೆ. ಮುಂದೆ ಒಮ್ಮೆ ಕೈ ತೋರಿಸಲು ಮಂಡ್ಯಕ್ಕೆ ಹೋದಾಗ ನರ್ಸಮ್ಮ ಸಿಕ್ಕಿ, ಪಾಪ ಆ ಹುಡುಗನನ್ನು ಕೆಲಸದಿಂದ ತೆಗೆದುಹಾಕಿದರಂತೆ, ತಲೆಗೆ ಏಟು ಬಿದ್ದು ಇಲ್ಲದ್ದೆಲ್ಲ ಕಾಣುತ್ತದೆ ಎಂದು ಬರೆದರಂತೆ ಎಂದರು. ನಾನೂ ಪಾಪ ಎಂದೆ. ಹೊರಗೆ ಬಂದು ಹೋಟೆಲಿಗೆ ಹೋಗಿ ಎರಡು ತಟ್ಟೆ ಕೇಸರಿಬಾತು ತರಿಸಿಕೊಂಡು, ಎಲ್ಲರ ಎದುರಿಗೆ, ಎಡಗೈಯಲ್ಲೇ ತಿಂದೆ. ಅಂಥ ರುಚಿ ಮತ್ತೆ ಯಾವುದಕ್ಕೂ ಬರಲಿಲ್ಲ.

ಸಾಕಮ್ಮನಿಗೆ ಆವತ್ತು ಎಲ್ಲ ಹೇಳಿದೆ, ಹೆಚ್ಚುಗಾರಿಕೆಯಿಂದಲೇ. ಅವಳು ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು. ಆಮೇಲೆ ಬೀಸಲು ಶುರುಮಾಡಿದಳು. ಒಳ್ಳೆಯದು ಮಾಡಿದೆ ಅನ್ನಲಿಲ್ಲ, ಕೆಟ್ಟದು ಮಾಡಿದೆ ಅನ್ನಲಿಲ್ಲ. ಅಂದಿನಿಂದ ಮುದ್ದೆ ಮುರಿದು ನನ್ನ ಬಾಯಿಗೆ ಇಡುವುದನ್ನು ಬಿಟ್ಟಳು. ನಾನೇ ಉಣ್ಣುವುದನ್ನು ಕಲಿಯಬೇಕಾಯಿತು.

ಸ್ವಾತಂತ್ರ್ಯ ಬಂದ ವರ್ಷ, ಆ ಸಲದ ಆಲೆಮನೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಹೊರೆ ಎಣಿಸುತ್ತಾ ಕೂತಿದ್ದೆ. ಸಾಕಮ್ಮ ನನಗೆ ಬುತ್ತಿ ತಂದಿದ್ದಳು. ನಿಡಘಟ್ಟದ ದಾರಿಯಿಂದ ಕೋಲು ಊರಿಕೊಂಡು ಒಬ್ಬ ಬಂದ. ಬಿಳಿ ಷರಟು, ತೆಳ್ಳಗೆ, ಹಣೆಯ ಮೇಲೆ ಗಾಯದ ಗೆರೆ. ಗುರುತು ಹಿಡಿಯಲು ನನಗೆ ತಡವಾಗಲಿಲ್ಲ. ವರ್ಷಗಟ್ಟಲೆ ದಿನಾ ನೆನೆದ ಮುಖವನ್ನು ಮರೆಯಲಾದೀತೆ? ಗೌಡರು ಮೆಲ್ಲಗೆ ಎದ್ದು ಗಾಣದ ಹಿಂದಕ್ಕೆ ಹೋಗಿಬಿಟ್ಟರು. ಅವನು ನನ್ನೆದುರು ಕಬ್ಬಿನ ಹೊರೆಯ ಮೇಲೆ ಕೂತ. ಒಲೆಯ ಕಡೆ ನೋಡಿದ, ನನ್ನ ಕಡೆ ನೋಡಿದ.

"ಅಲ್ಲಿ ಒಲೆ ಉರೀತಾ ಇದೆ ಅಲ್ವಾ?" ಎಂದು ಕೇಳಿದ.

ಹೌದು, ಉರಿಯುತ್ತಿದೆ ಎಂದೆ. ಅವನು ತಲೆಯಾಡಿಸಿದ. ಆಮೇಲೆ ತನ್ನ ವಿಷಯ ಹೇಳಿದ. ಹುಚ್ಚಾಸ್ಪತ್ರೆಯಲ್ಲಿ ಬಹಳ ತಿಂಗಳು ಇಟ್ಟಿದ್ದರಂತೆ. ಉರಿ ಇರಲಿಲ್ಲ ಎಂದು ಒಪ್ಪಿಕೊಂಡ ಮೇಲೆ ಮನೆಗೆ ಬಿಟ್ಟರಂತೆ. ಒಪ್ಪಿಕೊಂಡೂ ಒಪ್ಪಿಕೊಂಡೂ ಈಗ ಅವನಿಗೆ ಯಾವ ಬೆಂಕಿಯ ಮೇಲೂ ನಂಬಿಕೆ ಇಲ್ಲವಾಗಿತ್ತು. ಮನೆಯಲ್ಲಿ ದೀಪ ಹಚ್ಚಿದರೂ ಹಚ್ಚಿದ್ದೀಯಾ ಎಂದು ತಾಯಿಯನ್ನು ಕೇಳುತ್ತಾನಂತೆ. ಒಂದು ದಿನ ಉರಿಯುವ ಇದ್ದಿಲಿನ ಮೇಲೆ ಕೈ ಇಟ್ಟು ನೋಡಿದ್ದನಂತೆ. ಅಂಗೈ ತೋರಿಸಿದ. ಕಲೆ ಇತ್ತು.

"ನನಗೆ ಕೆಲಸ ವಾಪಸ್ ಬೇಡ. ಹಾಗೆ ಬರೆದ ದೊರೆಗಳೆಲ್ಲ ಹಡಗು ಹತ್ತಿ ಹೋದ್ರು, ಯಾರಿಗೆ ತೋರಿಸ್ಲಿ? ಒಂದೇ ಒಂದು ಕೇಳೋಕೆ ಬಂದೆ. ಆವತ್ತು ಉರಿ ಇತ್ತಾ?"

ಓದುವವರೇ, ನಾನು ಬೇಡಿಕೊಂಡದ್ದು ಒಂದು ಕೈಗೆ ಒಂದು ಕೈ. ಸಿಕ್ಕದ್ದು ಅದರ ಹತ್ತರಷ್ಟು, ನನ್ನ ಕಣ್ಣೆದುರೇ ಕೂತಿತ್ತು. ಇನ್ನೊಂದು ಸಲ ಇಲ್ಲ ಎಂದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಇಲ್ಲ ಎನ್ನುವ ಆಸೆಯೂ ಆಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮಾತು ನಾಲಿಗೆಯ ಮೇಲಿತ್ತು. ಸಾಕಮ್ಮ ಬುತ್ತಿಯ ಗಂಟನ್ನು ಬಿಚ್ಚದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಇತ್ತು" ಎಂದೆ. "ನಾನೇ ಆಕ್ದೆ, ಎರಡು ಹೊರೆ. ಮಂಜಲ್ಲಿ ದಾರಿ ತಪ್ಪಿದೋರ್ಗೆ ಆಕ್ತೀವಿ. ನೀವೂ ಗಾಡಿ ಅಂಗೆ ಬಂದು ನಿಂತ್ಕತೀರಿ ಅನ್ಕಂಡೊ."

ಅವನು ಬಯಲಿನ ಕಡೆ ತಿರುಗಿ ನೋಡಿದ. ಗಾಣ ಎರಡು ಮೂರು ಸುತ್ತು ತಿರುಗಿತು.

"ಮತ್ತೆ ಇಲ್ಲ ಅಂದ್ರಲ್ಲ, ಹೆದರಿಕೆಗಾ?"

ಹೌದು ಎಂದುಬಿಟ್ಟಿದ್ದರೆ ಅವನು ಕ್ಷಮಿಸಿ ಹೋಗುತ್ತಿದ್ದ. ಅವನ ಮುಖ ಅದಕ್ಕೆ ಸಿದ್ಧವಾಗಿಯೇ ಇತ್ತು. ನಾನು ಬಲಗೈ ಎತ್ತಿ ಅವನ ಮುಂದೆ ಹಿಡಿದೆ.

"ಎದ್ರಿಕೆಗಲ್ಲ. ಇದ್ಕೆ. ನೀವು ಆಳಾಗೋಗ್ಲಿ ಅಂತ ಗೊತ್ತಿದ್ದೇ ಯೋಳ್ದೆ."

ಅವನು ಕೋಲು ಹಿಡಿದು ಎದ್ದ. ನೆಟ್ಟಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಂಥ ನೋಟ ನನಗೆ ಚೆನ್ನಾಗಿ ಗೊತ್ತು, ಆಸ್ಪತ್ರೆಯಲ್ಲಿ ಅವನ ಬಾಗಿಲ ಪರದೆಯನ್ನು ನಾನು ದಿನಗಟ್ಟಲೆ ಹಾಗೇ ನೋಡಿದವನು. "ನಿಮ್ಮನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ" ಎಂದ. ಕ್ಷಮಿಸಬೇಡಿ ಎಂದೆ. ಒಲೆಯ ಪಕ್ಕದಲ್ಲೇ ಹಾದು ಹೋದ, ಅದು ಉರಿಯುತ್ತಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಬಂದಾಗಿನದಕ್ಕಿಂತ ಬೇಗ ಬೇಗ ನಡೆದು ನಿಡಘಟ್ಟದ ದಾರಿ ಹಿಡಿದ.

ಸ್ವಲ್ಪ ದಿನ ಕಳೆದು ಮೈಸೂರಿನಿಂದ ಒಂದು ಕಾರ್ಡು ಬಂತು, ಅವನ ತಾಯಿಯದು. ಸಾಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಶ್ರೀಕಂಠ ಈಗ ದೀಪದ ಮಾತು ಎತ್ತುವುದಿಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತಾನೆ, ಊಟ ಮಾಡುತ್ತಾನೆ, ಒಂದು ಶಾಲೆಯಲ್ಲಿ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಹೆಸರು ಹಿಡಿದು ಶಪಿಸುತ್ತಾನೆ. ನಾನೂ ಶಪಿಸುತ್ತೇನೆ. ಅಷ್ಟೇ ಬರೆದಿದ್ದರು.

"ಸರ್ಯಾಗೇ ಬರ್ದವ್ರೆ" ಎಂದಳು ಸಾಕಮ್ಮ. ಎದ್ದು ಒಳಗೆ ಹೋಗಿ ಮುದ್ದೆ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಪಕ್ಕದಲ್ಲಿ ಕೂತು, ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಗೆ ಇಟ್ಟಳು.